ಟಿಪ್ಪುವಿನ ಸಿಪಾಯಿಗೆ ಹಸಿರಂಗಿ ಯಾಕೆ?

ಟಿಪ್ಪುವಿನ ಪಡೆಯ ಪುಟಾಣಿ ಸಿಪಾಯಿಗಳಿಗೆ ಹಸಿರಂಗಿ ತೊಡಿಸುವವರೊಂದಿಗೆ ನನ್ನ ಜಗಳವಿದೆ. ಅವನನ್ನು ಮೆರೆಸುವವರೂ ಹಸಿರು ಬಳಿಯುತ್ತಾರೆ, ತೆಗಳುವವರೂ ಹಸಿರೇ ಬಳಿಯುತ್ತಾರೆ. ಈ ಎರಡು ಬಣಗಳು ಒಪ್ಪುವ ಒಂದೇ ಸಂಗತಿ ಬಹುಶಃ ಇದು. ಅದು ಬಂದದ್ದು ಇಂದಿನ ಬ್ಯಾನರುಗಳಿಂದ, ಹದಿನೆಂಟನೇ ಶತಮಾನದಿಂದಲ್ಲ.

ಪಿಎಚ್‌ಡಿ ಅಧ್ಯಾಯ ಮುಂದೆ ಸಾಗದ ರಾತ್ರಿಗಳಲ್ಲಿ ಅಂಜನಾಪುರದ ನನ್ನ ಕೋಣೆಯಲ್ಲಿ ನಾನೂ ಈ ಒಂದಿಂಚು ಎತ್ತರದ ಪ್ಲಾಸ್ಟಿಕ್ ಸಿಪಾಯಿಗಳಿಗೆ ಬಣ್ಣ ಹಚ್ಚುತ್ತೇನೆ. ಮೈಸೂರಿನ ನಿತ್ಯಸೇನೆಯ ಕಾಲಾಳಿಗೆ ನನ್ನ ಆಯ್ಕೆ ನೇರಳೆ, ಅದರ ಮೇಲೆ ಬಿಳಿಯ ಹುಲಿಪಟ್ಟೆ, ಅಂದರೆ ಬಾಬ್ರಿ. ಎದುರು ನಿಂತು ಕಾದಾಡಿದ ಇಂಗ್ಲಿಷರ ಬರಹಗಳು ಹೇಳುವುದು ಇದನ್ನೇ. ಫಿರಂಗಿದಳದ ಅಧಿಕಾರಿ ಚಾರ್ಲ್ಸ್ ಗೋಲ್ಡ್ ಬರೆದ ಚಿತ್ರಗಳು 1806ರಲ್ಲಿ ಅಚ್ಚಾದವು. ಅವುಗಳಲ್ಲೂ ಟಿಪ್ಪುವಿನ ಸಿಪಾಯಿಯಿದ್ದಾನೆ.

‘ಶತ್ರುವಿನ ಸಾಕ್ಷಿ ನಂಬಬೇಕೇ?’ ಎಂದು ಗೆಳೆಯರು ಕೇಳುತ್ತಾರೆ. ಟಿಪ್ಪುವಿನ ಗುಣದ ಬಗ್ಗೆ ನಂಬಬೇಡಿ. ಆದರೆ ಹೊಗೆಯ ನಡುವೆ ತನ್ನವರು ಯಾರು, ಪರರು ಯಾರು ಎಂದು ಗುರುತಿಸಲೇಬೇಕಾದವನಿಗೆ ಅಂಗಿಯ ಬಣ್ಣದ ಬಗ್ಗೆ ಸುಳ್ಳು ಹೇಳಿ ಸಿಗುವ ಲಾಭವೇನು?

ಇನ್ನೊಂದು ಕಾಟ, ಬಾಟಲಿ ನಂಬರಿನ ಪಂಡಿತರದು. ಇಂಥ ಕಂಪನಿಯ ಇಂಥ ನೇರಳೆಯೇ ಸರಿ, ಉಳಿದದ್ದೆಲ್ಲ ತಪ್ಪು! ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ ಗೋಡೆ ನೋಡಿಕೊಂಡು ಬಂದೆವು ಎನ್ನುತ್ತಾರೆ. 1780ರ ಪೊಳ್ಳಿಲೂರು ಕಾಳಗದ ಆ ಚಿತ್ರವನ್ನು ಡಾಲ್‌ಹೌಸಿಯ ಆದೇಶದಂತೆ 1855ರಲ್ಲಿ ಮತ್ತೆ ಬರೆಯಲಾಯಿತು. ಕಾಳಗ ನಡೆದು ಮುಕ್ಕಾಲು ಶತಮಾನದ ಮೇಲೆ ಹಚ್ಚಿದ ಬಣ್ಣದಿಂದ ಬಾಟಲಿ ನಂಬರು ಹೇಗೆ ಹೊರಡುತ್ತದೋ! ಗಿಡಬೇರುಗಳಿಂದ ತೆಗೆದ ಬಣ್ಣ ಒಂದೊಂದು ಅದ್ದಿಗೂ ಬೇರೆಯಾಗುತ್ತದೆ. ಬಿಸಿಲು, ಬೆವರು, ಒಗೆತಕ್ಕೆ ಸಿಕ್ಕಿ ಮತ್ತೂ ಬೇರೆಯಾಗುತ್ತದೆ.

ಹಾಗಾಗಿ ಹತ್ತು ಜನರ ಸಾಲಿಗೆ ನಾನು ಮೂರು ನೇರಳೆ ಕಲಸುತ್ತೇನೆ. ಒಂದು ಹೊಸದು, ಎರಡು ಮಾಸಿದವು. ಮೂರರಲ್ಲೂ ಒಂದು ಹನಿ ಬಿಳಿ ಹೆಚ್ಚೇ ಇರಲಿ, ಪುಟ್ಟ ಮೈಮೇಲೆ ಬಣ್ಣ ಗಾಢವಾಗಿ ಕಾಣುತ್ತದೆ. ಪಟ್ಟೆಗೆ ಅಚ್ಚಬಿಳಿ ಬೇಡ, ಕೆನೆಬಣ್ಣ ಸಾಕು. ನಿಜದ ಪಟ್ಟೆ 2 ಸೆಂ.ಮೀ. ಎಂದುಕೊಂಡರೂ 1/72 ಅಳತೆಯಲ್ಲಿ ಅದು 0.3 ಮಿ.ಮೀ.ಗೂ ಕಡಿಮೆ. ಕುಂಚದ ತುದಿಯಿಂದ ಮುಟ್ಟಿಸಿ ಬಿಡಬೇಕು, ಎಳೆಯಬಾರದು. ಮತ್ತೆ, ಕಂದಾಚಾರದ ಕಾಲಾಳಿಗೆಲ್ಲ ಈ ಹುಲಿಯಂಗಿ ತೊಡಿಸಬೇಡಿ.

ಹಸಿರು ಬಾಟಲಿಯನ್ನೇನೂ ಎಸೆಯಬೇಕಿಲ್ಲ. ಸಿಪಾಯಿಗಳನ್ನು ನಿಲ್ಲಿಸುವ ಹಲಗೆಯ ಮೇಲೆ ಕಾವೇರಿ ದಂಡೆಯ ಗದ್ದೆಗಳಿಗೆ ಅದು ಬೇಕೇ ಬೇಕು.