ಬೀಗದ ಕೈ ಮನೆಯೊಳಗೇ ಉಳಿದ ರಾತ್ರಿ

ನಮ್ಮ ಕಸುಬಿನಲ್ಲಿ ಶನಿವಾರ ರಾತ್ರಿ ಎಂದರೆ ರಜೆಯಲ್ಲ, 'ಮೇಂಟೆನೆನ್ಸ್ ವಿಂಡೋ'. ಊರೆಲ್ಲ ಮಲಗಿದ ಮೇಲೆ ಸರ್ವರ್‌ನ ಹೊಟ್ಟೆ ಬಿಚ್ಚಿ, ಬೆಳಗಾಗುವುದರೊಳಗೆ ಹೊಲಿದು ಮುಗಿಸಬೇಕು. ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ಅಂಥದ್ದೊಂದು ರಾತ್ರಿ ನಾನು ಮಾಡಿದ ತಪ್ಪಿನ ಕತೆ ಇದು. ತಾಂತ್ರಿಕ ವಿಷಯ ಸ್ವಲ್ಪ ಜಾಸ್ತಿಯೇ ಇದೆ. ಆದರೆ ಈ ಪುಟ ಓದುವವರಲ್ಲಿ ಅರ್ಧ ಜನ ಇದೇ ಕಸುಬಿನವರು. ಉಳಿದವರ ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗ್ರಾಹಕರು ಚಾಕಣ ಕಡೆಯ ಒಂದು ಕಾರ್ಖಾನೆ. ಅವರ ಕಾರ್ಮಿಕರ ಹಾಜರಿ, ಓವರ್‌ಟೈಮ್, ಸಂಬಳದ ಲೆಕ್ಕವೆಲ್ಲ ಒಂದೇ ವರ್ಚುವಲ್ ಮೆಷಿನ್‌ನಲ್ಲಿ. ವಿಂಡೋಸ್ ಸರ್ವರ್ 2012 ಆರ್2, ಅದರ ಮೇಲೆ ಎಸ್‌ಕ್ಯೂಎಲ್ ಸರ್ವರ್, ಕೆಳಗೆ ವಿಎಂವೇರ್. ತಿಂಗಳ ಕೊನೆಗೆ ಡಿಸ್ಕ್ ಮೇಲೆ ಭಾರ ಬಿದ್ದು ಎಲ್ಲವೂ ತೆವಳುತ್ತಿತ್ತು. ಸ್ಟೋರೇಜ್ ಕಂಟ್ರೋಲರ್ ಬದಲಿಸೋಣ ಎಂದು ನಿರ್ಧಾರವಾಯಿತು. ಆಗ ಇದ್ದದ್ದು ಎಲ್‌ಎಸ್‌ಐ ಲಾಜಿಕ್ ಸ್ಯಾಸ್. ಅದು ನಿಜವಾದ ಒಂದು ಕಾರ್ಡಿನ ಅನುಕರಣೆ. ಬರಬೇಕಿದ್ದದ್ದು ಪಿವಿಸ್ಕಸಿ, ವರ್ಚುವಲ್ ಲೋಕಕ್ಕೆಂದೇ ಮಾಡಿದ್ದು, ಡಿಸ್ಕ್ ಕೆಲಸ ಹೆಚ್ಚಿದ್ದಾಗ ಸಿಪಿಯುಗೆ ಕಡಿಮೆ ಹೊರೆ. ನೋಡಲು ಎರಡು ಕ್ಲಿಕ್‌ನ ಕೆಲಸ.

ಟಿಕೆಟ್ ಇದ್ದದ್ದು ನನ್ನ ತಂಡದ ಕಿರಿಯನ ಹೆಸರಿನಲ್ಲಿ. ಗದಗ ಕಡೆಯ ಹುಡುಗ, ಸೇರಿ ಎಂಟು ತಿಂಗಳಾಗಿತ್ತು. ಪಾಪ, ಶ್ರದ್ಧೆಯಿಂದ ಹನ್ನೊಂದು ಹೆಜ್ಜೆಗಳ ಪಟ್ಟಿ ಮಾಡಿದ್ದ. ನಾಲ್ಕನೆಯದು: 'ಹೊಸ ಕಂಟ್ರೋಲರ್‌ಗೆ 1 ಜಿಬಿಯ ಖಾಲಿ ಡಿಸ್ಕ್ ಸೇರಿಸಿ ಒಮ್ಮೆ ಬೂಟ್ ಮಾಡುವುದು.' ನಾನು ನೋಡಿ, "ವಿಎಂವೇರ್ ಟೂಲ್ಸ್ ಹಾಕಿದೆ, ಅದರಲ್ಲೇ ಡ್ರೈವರ್ ಇರುತ್ತೆ. ಸುಮ್ಮನೆ ಒಂದು ರೀಬೂಟ್ ಯಾಕೆ?" ಎಂದು ಆ ಸಾಲನ್ನು ಹೊಡೆದುಹಾಕಿದೆ. ಉಳಿತಾಯ: ಇಪ್ಪತ್ತು ನಿಮಿಷ.

ಮಷಿನ್ ಆನ್ ಮಾಡಿದೆವು. ವಿಂಡೋಸ್ ಚಿಹ್ನೆ ಬಂತು, ಚುಕ್ಕಿಗಳು ತಿರುಗಿದವು, ಆಮೇಲೆ ನೀಲಿ ಪರದೆ. 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್'. ಹಳಬರು ಇದನ್ನು 7ಬಿ ಎಂದೇ ಕರೆಯುತ್ತಾರೆ.

ಇದೇಕೆ ಆಗುತ್ತದೆ ಎಂದರೆ, ಮಷಿನ್ ಏಳುವಾಗ ಮೊದಲ ಕೆಲವು ಕ್ಷಣ ಡಿಸ್ಕನ್ನು ಓದುವುದು ಫರ್ಮ್‌ವೇರ್, ವಿಂಡೋಸ್ ಅಲ್ಲ. ಅದಕ್ಕೆ ಹೊಸ ಕಂಟ್ರೋಲರ್ ಗೊತ್ತು, ಅದಕ್ಕೇ ಚಿಹ್ನೆ ಕಾಣಿಸಿತು. ನಂತರ ರೈಲಿಗೆ ಜಂಕ್ಷನ್‌ನಲ್ಲಿ ಎಂಜಿನ್ ಬದಲಾಗುವ ಹಾಗೆ, ವಿಂಡೋಸ್ ತನ್ನ ಸ್ವಂತ ಡ್ರೈವರ್‌ನಿಂದ ಡಿಸ್ಕ್ ಎಳೆಯಬೇಕು. ಡ್ರೈವರ್‌ನ ಫೈಲ್ ಡಿಸ್ಕ್‌ನಲ್ಲಿದ್ದರೆ ಸಾಲದು. ಬೂಟ್‌ನ ಆರಂಭದಲ್ಲೇ ಎಬ್ಬಿಸಬೇಕಾದವರ ಪಟ್ಟಿಯಲ್ಲಿ ಅದರ ಹೆಸರಿರಬೇಕು. ಆ ಹಾರ್ಡ್‌ವೇರ್ ಒಮ್ಮೆಯೂ ಕಣ್ಣಿಗೆ ಬೀಳದಿದ್ದರೆ ವಿಂಡೋಸ್ ಯಾಕೆ ಹೆಸರು ಬರೆದುಕೊಂಡೀತು? ಬೀಗದ ಕೈ ಮನೆಯೊಳಗೇ ಇದೆ, ಬಾಗಿಲು ಮಾತ್ರ ಹಾಕಿಕೊಂಡಿದೆ. ಖಾಲಿ ಡಿಸ್ಕ್‌ನ ಆ ನಾಲ್ಕನೇ ಹೆಜ್ಜೆ ಇದ್ದದ್ದೇ ಇದಕ್ಕೆ.

ಇದೆಲ್ಲ ಈಗ ಆರಾಮಾಗಿ ಹೇಳುತ್ತಿದ್ದೇನೆ. ಆ ರಾತ್ರಿ ನನ್ನ ತಲೆ ಓಡಲಿಲ್ಲ. ಎರಡು ಸಲ ರೀಬೂಟ್ ಮಾಡಿದೆ. ಡೇಟಾ ಹಾಳಾಯಿತೆಂದೇ ಅಂದುಕೊಂಡು ಶುಕ್ರವಾರ ರಾತ್ರಿಯ ಬ್ಯಾಕಪ್ ತೆರೆದು, ರಿಸ್ಟೋರ್ ಗುಂಡಿಯ ತನಕ ಹೋಗಿದ್ದೆ. ಒತ್ತಿದ್ದರೆ ಶನಿವಾರದ ಮೂರು ಪಾಳಿಗಳ ಹಾಜರಿ, ಓವರ್‌ಟೈಮ್ ಎಲ್ಲ ಅಳಿಸಿಹೋಗುತ್ತಿತ್ತು. ಸೋಮವಾರ ಸಂಬಳದ ಪಟ್ಟಿ ಹೊರಡಬೇಕಿತ್ತು. ಯಾರ ಎಂಟು ಗಂಟೆ ಎಲ್ಲಿ ಹೋಯಿತೆಂದು ಯಾರು ಹುಡುಕುತ್ತಿದ್ದರು?

ಕಾಲ್‌ನಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಎಲ್ಲ ನಡೆದಿತ್ತು. ಹುಡುಗ ಮೈಕ್ ಮುಚ್ಚಿ ನನ್ನ ಕಡೆ ಬಾಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದ: "ಸರ್, ಡಿಸ್ಕಿಗೆ ನಾವೇನೂ ಮಾಡಿಲ್ರಿ. ಮೊದ್ಲ ಹೆಂಗಿತ್ತ ಹಂಗ ಇಟ್ಟ ನೋಡೋಣ್ರಿ."

ಅಷ್ಟೇ. ಆರಿಸಿ, ಕಂಟ್ರೋಲರನ್ನು ಮತ್ತೆ ಎಲ್‌ಎಸ್‌ಐಗೆ ತಿರುಗಿಸಿದೆವು. ಮಷಿನ್ ಏನೂ ಆಗದವರ ಹಾಗೆ ಎದ್ದು ಕೂತಿತು. ಆಮೇಲೆ ಅವನ ಪಟ್ಟಿಯ ಪ್ರಕಾರವೇ ಹೋದೆವು. ಎರಡನೆಯ ಕಂಟ್ರೋಲರ್ ಆಗಿ ಪಿವಿಸ್ಕಸಿ, ಅದಕ್ಕೆ 1 ಜಿಬಿಯ ಖಾಲಿ ಡಿಸ್ಕ್, ಬೂಟ್. ಡಿವೈಸ್ ಮ್ಯಾನೇಜರ್‌ನಲ್ಲಿ ಹೊಸಬನ ಹೆಸರು ಬಂದದ್ದನ್ನು ನೋಡಿ, ಆರಿಸಿ, ಖಾಲಿ ಡಿಸ್ಕ್ ತೆಗೆದು, ಮೊದಲ ಕಂಟ್ರೋಲರ್ ಬದಲಿಸಿದೆವು. ಈ ಸಲ ನೀಲಿ ಪರದೆ ಬರಲಿಲ್ಲ.

ಆದರೂ ಎಸ್‌ಕ್ಯೂಎಲ್ ಏಳಲಿಲ್ಲ. ನೋಡಿದರೆ ಡಿ ಮತ್ತು ಇ ಡ್ರೈವ್‌ಗಳೇ ಇಲ್ಲ. ಇದು ಎರಡನೇ ಗುಂಡಿ, ಇದರಲ್ಲೂ ಬಹಳ ಜನ ಬೀಳುತ್ತಾರೆ. ಹೊಸ ದಾರಿಯಿಂದ ಬಂದ ಡಿಸ್ಕನ್ನು ವಿಂಡೋಸ್ ಸರ್ವರ್ 'ಇದು ಇನ್ನೊಬ್ಬರೊಡನೆ ಹಂಚಿಕೊಂಡದ್ದಿರಬಹುದು' ಎಂದು ಅನುಮಾನಿಸಿ ಆಫ್‌ಲೈನ್ ಇಡಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ 'ಆನ್‌ಲೈನ್' ಅಂದರಾಯಿತು. ತಪ್ಪಿಯೂ 'ಫಾರ್ಮ್ಯಾಟ್' ಎನ್ನಬೇಡಿ.

ಇದೇ ಪೇಚಿಗೆ ಸಿಕ್ಕವರಿಗೆ ಇನ್ನೂ ಮೂರು ಮಾತು. ಒಂದು, ಮನೆಯ ಕಂಪ್ಯೂಟರ್‌ನ ಬಯಾಸ್‌ನಲ್ಲಿ ಐಡಿಇ ಇದ್ದದ್ದನ್ನು ಎಎಚ್‌ಸಿಐ ಮಾಡಿದಾಗ ಬರುವ ನೀಲಿ ಪರದೆಯೂ ಇದೇ ಜಾತಿಯದು. ಮೊದಲೇ ಸೇಫ್ ಮೋಡ್‌ಗೆ ಏರ್ಪಾಡು ಮಾಡಿ, ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎಬ್ಬಿಸಿದರೆ ಎಷ್ಟೋ ಸಲ ದಾರಿಗೆ ಬರುತ್ತದೆ. ಎರಡು, ಲಿನಕ್ಸ್‌ನಲ್ಲಿ ತೊಂದರೆ ಇನಿಟ್‌ರ್ಯಾಮ್‌ಎಫ್‌ಎಸ್‌ನದು. ಸೆಂಟ್‌ಒಎಸ್ 7ರಂಥವು ಅಂದಿನ ಹಾರ್ಡ್‌ವೇರ್‌ಗೆ ಬೇಕಾದ ಡ್ರೈವರ್‌ಗಳನ್ನಷ್ಟೇ ಅದರಲ್ಲಿ ಕಟ್ಟಿಕೊಡುತ್ತವೆ. ಬದಲಿಸುವ ಮುಂಚೆಯೇ ಡ್ರಾಕಟ್‌ನಿಂದ ಹೊಸ ಡ್ರೈವರ್ ಸೇರಿಸಿ; ಮರೆತಿದ್ದರೆ ಬೂಟ್ ಪಟ್ಟಿಯ 'ರೆಸ್ಕ್ಯೂ' ಸಾಲು ಕೈಹಿಡಿಯುತ್ತದೆ, ಅದರಲ್ಲಿ ಎಲ್ಲ ಬಗೆಯ ಡ್ರೈವರ್‌ಗಳೂ ಇರುತ್ತವೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕ್‌ನ ಹೆಸರಿನ ಬದಲು ಯುಯುಐಡಿ ಬರೆದಿರಲಿ, ಕಂಟ್ರೋಲರ್ ಬದಲಾದರೆ ಹೆಸರೂ ಬದಲಾಗಬಹುದು. ಮೂರು, ಮಷಿನ್ ಆರಿಸಿ ಸ್ನ್ಯಾಪ್‌ಶಾಟ್ ತೆಗೆದೇ ಕೈ ಹಾಕಿ. ಅದು ಡಿಸ್ಕನ್ನಷ್ಟೇ ಅಲ್ಲ, ಯಾವ ಕಂಟ್ರೋಲರ್ ಇತ್ತೆಂಬುದನ್ನೂ ನೆನಪಿಡುತ್ತದೆ.

ನಾವು ಆಫೀಸಿನಿಂದ ಹೊರಬಿದ್ದಾಗ ಬೆಳಗಿನ ನಾಲ್ಕೂವರೆ. ಹಾಲಿನ ಗಾಡಿಗಳು ಓಡಾಡುತ್ತಿದ್ದವು. ಚಹಾದ ಅಂಗಡಿಯೊಂದರ ಮುಂದೆ ನಿಂತಾಗ ಹುಡುಗ ಕೇಳಿದ, "ಸರ್, ರಿಪೋರ್ಟ್‌ನ್ಯಾಗ ಏನ್ ಬರೀಲ್ರಿ?"

ಸೋಮವಾರದ ವರದಿಯಲ್ಲಿ 'ಮೂಲ ಕಾರಣ' ಎಂಬ ಒಂದು ಖಾನೆ ಇರುತ್ತದೆ. ಟಿಕೆಟ್ ಅವನ ಹೆಸರಿನಲ್ಲಿತ್ತು. ಸಾಲು ಹೊಡೆದುಹಾಕಿದ್ದು ನಾನು ಎಂಬುದಕ್ಕೆ ಅವನ ಕೈಲಿದ್ದ ಕಾಗದದ ಮೇಲಿನ ನನ್ನ ಪೆನ್ನಿನ ಗೆರೆ ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ನನ್ನ ಬಡ್ತಿಯ ಮಾತುಕತೆ ಆ ತಿಂಗಳೇ ಇತ್ತು. 'ಕಾರ್ಯವಿಧಾನದಲ್ಲಿ ಲೋಪ' ಎಂದು ಯಾರ ಹೆಸರೂ ಇಲ್ಲದೆ ಬರೆಯಬಹುದಿತ್ತು. ಟಿಕೆಟ್ ಯಾರದೋ ಲೋಪ ಅವರದೇ ಎಂದು ಓದುವವರು ತಾವೇ ಅಂದುಕೊಳ್ಳುತ್ತಿದ್ದರು. ಸುಳ್ಳು ಹೇಳದೆಯೇ ಸುಳ್ಳು ಹೇಳುವ ಆ ವಿದ್ಯೆ ನಮಗೆಲ್ಲ ಬರುತ್ತದೆ. ಭಾನುವಾರ ಪೂರ್ತಿ ನಾನು ಆ ಸಾಲಿನ ಸುತ್ತಲೇ ಸುತ್ತಿದೆ.

ಕೊನೆಗೆ ಬರೆದೆ: 'ನಾಲ್ಕನೇ ಹೆಜ್ಜೆ ಯೋಜನೆಯಲ್ಲಿತ್ತು. ನಾನು ತೆಗೆಸಿದೆ. ಹಳೆಯ ಸ್ಥಿತಿಗೆ ಮರಳಿಸುವ ಸಲಹೆ ಟಿಕೆಟ್ ಹೊಂದಿದ್ದ ಎಂಜಿನಿಯರ್‌ನದು.' ಬಡ್ತಿ ಆ ವರ್ಷ ಬರಲಿಲ್ಲ. ಇದಕ್ಕೇ ಬರಲಿಲ್ಲ ಎಂದು ಹೇಳಲಾರೆ.

ಹುಡುಗ ಈಗ ಹೈದರಾಬಾದಿನಲ್ಲಿದ್ದಾನೆ, ಅವನ ಕೈಕೆಳಗೇ ಆರು ಜನ. ಮೊನ್ನೆ ಫೋನ್ ಮಾಡಿದ್ದಾಗ ಹೇಳಿದ, ಹೊಸಬರು ತರುವ ಪಟ್ಟಿಯಲ್ಲಿ ಒಂದು ಸಾಲು ಹೊಡೆಯುವ ಮುಂಚೆ 'ಇದನ್ಯಾಕ ಬರ್ದಿ?' ಅಂತ ಕೇಳುತ್ತಾನಂತೆ. ನಾನು ಆ ರಾತ್ರಿ ಅಷ್ಟು ಕೇಳಿದ್ದರೆ ಸಾಕಿತ್ತು.