ಮೈಗೆ ಹಚ್ಚುವ ಮಾತು

ಯೂರಿಪಿಡೀಸನ ‘ಹಿಪ್ಪೊಲಿಟಸ್’ ನಾಟಕದಲ್ಲಿ ರಾಣಿ ಫೀಡ್ರಾ ಮಲಮಗನ ಮೇಲಿನ ಮೋಹವನ್ನು ಹೇಳಲಾಗದೆ ಅನ್ನ ಬಿಟ್ಟು ಮಲಗಿರುತ್ತಾಳೆ. ಗುಟ್ಟು ತಿಳಿದ ದಾದಿ, ಇದಕ್ಕೆ ತನ್ನಲ್ಲೊಂದು ಮದ್ದಿದೆ ಎನ್ನುತ್ತಾಳೆ. ಅದು ಹಚ್ಚುವುದೋ ಕುಡಿಯುವುದೋ ಎಂದು ರಾಣಿ ಕೇಳಿದರೆ ದಾದಿ ಮಾತು ಹಾರಿಸುತ್ತಾಳೆ. ಕ್ರಿ.ಪೂ. 428ರಲ್ಲಿ ಅಥೆನ್ಸಿನಲ್ಲಿ ಕೂತು ಈ ನಾಟಕ ನೋಡಿದವರಿಗೆ ಆ ಪ್ರಶ್ನೆಯಲ್ಲಿ ವಿಶೇಷವೇನೂ ಕಂಡಿರಲಾರದು. ಫೀಡ್ರಾ ‘ಹಚ್ಚುವಂಥದ್ದು’ ಎನ್ನಲು ಬಳಸುವ ಪದ ‘ಖ್ರಿಸ್ತೋನ್’. ಮೇಲಿನ ಇಸವಿಯ ಹಿಂದೆ ನಾವು ಕೂರಿಸಿದ ‘ಕ್ರಿ.’ ಅದೇ ಪದದ ತುಣುಕು.

ಗ್ರೀಕ್ ದುರಂತ ನಾಟಕಗಳನ್ನು ಕುರಿತ ಈ ಸಂಚಿಕೆಯ ಕರಡು ತಿದ್ದುವಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಪದದ ಬೇರಾದ ‘ಖ್ರಿಯೊ’ ಎಂಬ ಕ್ರಿಯಾಪದ. ಕನ್ನಡದಲ್ಲಿ ನಾವು ತಲೆಗೆ ಎಣ್ಣೆ ಹಚ್ಚುತ್ತೇವೆ, ಗೋಡೆಗೆ ಸುಣ್ಣ ಬಳಿಯುತ್ತೇವೆ, ಗಾಯಕ್ಕೆ ಮುಲಾಮು ಸವರುತ್ತೇವೆ. ಗ್ರೀಕಿನಲ್ಲಿ ಇಂಥ ಎಲ್ಲ ಕೆಲಸಕ್ಕೂ ಈ ಒಂದು ಪದ ಸಲ್ಲುತ್ತಿತ್ತು.

ಹೋಮರನಲ್ಲಿ ಅದು ಹೆಚ್ಚಾಗಿ ಬಚ್ಚಲುಮನೆಯ ಮಾತು. ಪೈಲೋಸಿಗೆ ಬಂದ ಟೆಲಿಮಾಕಸನಿಗೆ ನೆಸ್ಟರನ ಕಿರಿಮಗಳು ಮೀಯಿಸಿ ಎಣ್ಣೆ ಹಚ್ಚುತ್ತಾಳೆ. (ನಮ್ಮ ಎಣ್ಣೆಸ್ನಾನದ ಕ್ರಮ ಅಲ್ಲಿ ತಿರುಗುಮುರುಗು: ಮೊದಲು ನೀರು, ಆಮೇಲೆ ಎಣ್ಣೆ.) ಹೆಕ್ಟರನ ಹೆಣವನ್ನು ಅಕಿಲೀಸ್ ಎಳೆದಾಡಿದರೂ ಚರ್ಮ ಸುಲಿಯದಿರಲೆಂದು ಅಫ್ರೊಡೈಟಿ ಗುಲಾಬಿಯ ಕಂಪಿನ ದಿವ್ಯ ತೈಲ ಹಚ್ಚುತ್ತಾಳೆ. ಬಾಣದ ಮೊನೆಗೆ ಹಚ್ಚಲು ವಿಷ ಹುಡುಕಿಕೊಂಡು ಒಡಿಸ್ಸಿಯಸ್ ಎಫಿರಾಕ್ಕೆ ಹೋಗುತ್ತಾನೆ. ದೇವರಿಗೆ ಹೆದರಿ ಅಲ್ಲಿನ ಇಲಸ್ ಕೊಡಲೊಲ್ಲ. ಮೂರು ಕಡೆಯೂ ಕ್ರಿಯಾಪದ ಒಂದೇ.

ನಮ್ಮಲ್ಲಿ ಲಂಕೇಶರ ‘ದೊರೆ ಈಡಿಪಸ್’ ಮೂಲಕ ಮನೆಮಾತಾದ ಸೊಫೊಕ್ಲೀಸ್ ಈ ಪದದ ಎದೆ ಬಗೆದು ತೋರಿಸಿದ್ದು ‘ಟ್ರಾಕಿಸ್‌ನ ಹೆಂಗಳೆಯರು’ ನಾಟಕದಲ್ಲಿ. ಹೆರಾಕ್ಲೀಸನ ಬಾಣಕ್ಕೆ ಬಿದ್ದ ಅಶ್ವಮಾನವ ನೆಸಸ್ ಸಾಯುವ ಮುನ್ನ ಹೆರಾಕ್ಲೀಸನ ಹೆಂಡತಿ ಡಿಯನೈರಾಳಿಗೆ ತನ್ನ ಗಾಯದ ರಕ್ತವನ್ನು ವಶೀಕರಣದ ಮದ್ದೆಂದು ಕೊಟ್ಟಿರುತ್ತಾನೆ. ಬೆಂಕಿ ಬಿಸಿಲು ಸೋಕಿಸದೆ ಇಡಬೇಕೆಂಬುದು ಅವನ ಕಟ್ಟಪ್ಪಣೆ. ವರ್ಷಗಳ ಮೇಲೆ ಗಂಡ ಇನ್ನೊಬ್ಬಳನ್ನು ತರುತ್ತಿದ್ದಾನೆಂದು ತಿಳಿದಾಗ ಅವಳು ಕುರಿಯುಣ್ಣೆಯ ಎಳೆಯೊಂದನ್ನು ಅದರಲ್ಲಿ ಅದ್ದಿ, ಮನೆಯ ಕತ್ತಲಲ್ಲಿ ಕೂತು, ಅವನಿಗೆಂದು ನೇಯ್ದ ಉಡುಪಿಗೆ ಸವರಿ ಕಳಿಸುತ್ತಾಳೆ. ಉಣ್ಣೆಯನ್ನು ಅಂಗಳದ ಬಿಸಿಲಿಗೆ ಎಸೆದಿರುತ್ತಾಳೆ. ಹೊರಬಂದು ನೋಡಿದರೆ ಅದು ಗರಗಸದ ಹೊಟ್ಟಿನಂತೆ ಪುಡಿಯಾಗಿ ಬಿದ್ದಿದೆ, ಅದು ಬಿದ್ದ ನೆಲ ನೊರೆ ಉಕ್ಕಿಸುತ್ತಿದೆ. ಯಾಗದ ಬೆಂಕಿಯ ಮುಂದೆ ಆ ಉಡುಪು ಹೆರಾಕ್ಲೀಸನ ಮೈಗೆ ಅಂಟಿಕೊಂಡಿತು. ಪ್ರೀತಿಗೆಂದು ಹಚ್ಚಿದ್ದು ಚರ್ಮದೊಳಗಿಳಿದು ಕೊಂದಿತು. ಈ ಕ್ರಿಯಾಪದಕ್ಕೆ ಏನನ್ನು ಹಚ್ಚುತ್ತಿದ್ದೇವೆಂಬ ಗೊಡವೆಯೇ ಇಲ್ಲ. ‘ಬಂಧಿತ ಪ್ರೊಮಿಥಿಯಸ್’ ನಾಟಕದಲ್ಲಂತೂ ದನದ ನೊಣ ಅಯೋಳನ್ನು ಕುಟುಕುವುದಕ್ಕೂ ಇದೇ ಪದ.

ಇಂಥ ಪದ ದೇವರ ಸನ್ನಿಧಿಗೆ ಏರಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, ಅನುವಾದಕರ ಕೈಯಲ್ಲಿ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲ್ಲಿನ ಯಹೂದಿಗಳು ತಮ್ಮ ಹೀಬ್ರೂ ಧರ್ಮಗ್ರಂಥಗಳನ್ನು ಗ್ರೀಕಿಗೆ ತರತೊಡಗಿದರು. ಅರಸನ, ಪುರೋಹಿತನ ತಲೆಗೆ ಎಣ್ಣೆಯಿಡುವ ‘ಮಾಷಖ್’ ಕ್ರಿಯೆಗೆ ‘ಖ್ರಿಯೊ’ ಬಂತು; ಹಾಗೆ ಎಣ್ಣೆಯಿಡಿಸಿಕೊಂಡವನು ಎಂಬರ್ಥದ ‘ಮಾಷೀಯಖ್’ ‘ಖ್ರಿಸ್ತೋಸ್’ ಆಯಿತು. ಹೀಬ್ರೂ ಪದವೂ ಮನೆಗೆಲಸ ಬಲ್ಲದ್ದೇ. ಯೆರೆಮೀಯನ ಗ್ರಂಥದಲ್ಲಿ ಅರಸ ತನ್ನ ಅರಮನೆಗೆ ಕೆಂಪು ಬಳಿಸುವಲ್ಲಿ ಅದೇ ‘ಮಾಷಖ್’ ಇದೆ, ಅನುವಾದದಲ್ಲಿ ಅದೇ ‘ಖ್ರಿಯೊ’ ಇದೆ.

ಕನ್ನಡ ಬೈಬಲಿನ ‘ಅಭಿಷಿಕ್ತ’ನಿಗೆ ಗುಡಿಯ, ಪಟ್ಟಾಭಿಷೇಕದ ಘನತೆ ಹುಟ್ಟಿನಿಂದಲೇ ಬಂದಿದೆ. ‘ಖ್ರಿಸ್ತೋಸ್’ಗೆ ಆ ಭಾಗ್ಯವಿರಲಿಲ್ಲ. ಯಹೂದಿ ಗ್ರಂಥಗಳನ್ನು ಓದದ ಗ್ರೀಕನ ಕಿವಿಗೆ ಅದು ಮುಲಾಮಿನ ಮಾತಿನಂತೆ ಕೇಳಿರಬೇಕು. ಹಾಗಾಗಿಯೇ ಹಲವರು ಅದನ್ನು ‘ಖ್ರೇಸ್ತೋಸ್’ ಎಂದು ಕೇಳಿಸಿಕೊಂಡರು. ಒಳ್ಳೆಯವನು, ಉಪಯೋಗಕ್ಕೆ ಬರುವವನು ಎಂಬರ್ಥದ ಆ ಹೆಸರು ಗುಲಾಮರಲ್ಲಿ ಸಾಮಾನ್ಯವಾಗಿತ್ತು. ರೋಮಿನ ಸ್ವೆಟೋನಿಯಸ್ ಬರೆಯುವ ‘ಕ್ರೆಸ್ಟಸ್’ ಕ್ರಿಸ್ತನೇ ಎಂದು ಅನೇಕ ವಿದ್ವಾಂಸರು ನಂಬುತ್ತಾರೆ. ನಮ್ಮ ಹೆಸರನ್ನೇ ಸರಿಯಾಗಿ ಹೇಳಲು ಬಾರದವರು ನಮ್ಮನ್ನು ದ್ವೇಷಿಸುತ್ತೀರಲ್ಲ ಎಂಬ ಧಾಟಿಯಲ್ಲಿ ಕ್ರೈಸ್ತ ಲೇಖಕ ಟೆರ್ಟುಲಿಯನ್ ಕೆಣಕಿದ್ದುಂಟು.

ಹೊಸ ಒಡಂಬಡಿಕೆಯ ಹೊತ್ತಿಗೆ ಪದಕ್ಕೆ ಮಡಿ ಬಂದುಬಿಟ್ಟಿತ್ತು. ಅಲ್ಲಿ ‘ಖ್ರಿಯೊ’ ಬರುವುದು 5 ಸಲ ಮಾತ್ರ, ಐದರಲ್ಲೂ ಹಚ್ಚುವವನು ದೇವರು. ರೋಗಿಯ ಮೈಗೆ, ಉಪವಾಸದ ದಿನ ತಲೆಗೆ, ಸಮಾಧಿಯಲ್ಲಿಟ್ಟ ದೇಹಕ್ಕೆ ಎಣ್ಣೆ ಸುಗಂಧ ಹಚ್ಚುವ ಮನುಷ್ಯರ ಕೆಲಸಕ್ಕೆ ‘ಅಲೆಯ್ಫೊ’ ಎಂಬ ಬೇರೆ ಕ್ರಿಯಾಪದವಿದೆ. ಕುಸ್ತಿಪಟುಗಳು ಮೈಗೆ ಎಣ್ಣೆ ತಿಕ್ಕಿಕೊಳ್ಳುವುದಕ್ಕೆ ಬಳಕೆಯಲ್ಲಿದ್ದದ್ದೂ ಅದೇ. ನಮ್ಮ ‘ಲೇಪ’ದ ಸಂಸ್ಕೃತ ಧಾತುವಿಗೂ ಅದಕ್ಕೂ ಭಾಷಾಶಾಸ್ತ್ರಜ್ಞರು ನಂಟು ಹೇಳುತ್ತಾರೆ.

ಕ್ರಿ.ಶ. 2ನೆಯ ಶತಮಾನದಲ್ಲಿ ಅಕ್ವಿಲಾ ಎಂಬಾತ ಯಹೂದಿಗಳಿಗಾಗಿ ಹೀಬ್ರೂ ಧರ್ಮಗ್ರಂಥಗಳನ್ನು ಮತ್ತೆ ಗ್ರೀಕಿಗೆ ತಂದ. ‘ಖ್ರಿಸ್ತೋಸ್’ ಎಂದರೆ ಅಷ್ಟರಲ್ಲಿ ಬೇರೆಯವರ ದೇವರ ಹೆಸರಾಗಿತ್ತು. ಅವನು ಅದನ್ನು ಮುಟ್ಟಲಿಲ್ಲ. ‘ಮಾಷೀಯಖ್’ ಬಂದಲ್ಲಿ ಕುಸ್ತಿಯ ಅಖಾಡದ ಆ ಕ್ರಿಯಾಪದದಿಂದಲೇ ‘ಎಲೆಯ್ಮ್ಮೆನೋಸ್’ ಎಂದು ಬರೆದ. ಅವನ ಅನುವಾದದಲ್ಲಿ ಇಂದು ಉಳಿದಿರುವುದು ಅಲ್ಲಲ್ಲಿನ ತುಣುಕುಗಳಷ್ಟೇ.