ಹೃದಯದ ಕವಾಟವೂ ಬಿಡದ ಜ್ವರವೂ



ನಮಗೆ ಬಹುಕಾಲದಿಂದ ಆಪ್ತವಾದ ಮನೆತನವೊಂದರಲ್ಲಿ ಹಿರಿಯ ತಾಯಿಯೊಬ್ಬರಿದ್ದಾರೆ. ಮುಂಜಾನೆ ಅವರು ಪೂಜೆಗೆ ಕುಳಿತಾಗ ಈಗ ಸೊಸೆಯೂ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಇಷ್ಟಲಿಂಗವನ್ನು ಹಿಡಿಯಬೇಕಾದ ಎಡ ಅಂಗೈ ತಾನಾಗಿ ತೆರೆದುಕೊಳ್ಳದು. ಸೊಸೆ ಅದನ್ನು ಮೆಲ್ಲನೆ ಬಿಡಿಸಿ, ಕೆಳಗೆ ತನ್ನ ಕೈಯನ್ನಾನಿಸಿ ಹಿಡಿದಿರುತ್ತಾಳೆ. ಪೂಜೆ ಮುಗಿಯುವವರೆಗೆ ಇಬ್ಬರೂ ಮಾತನಾಡುವುದಿಲ್ಲ.

ಆ ತಾಯಿಗೆ ಹನ್ನೆರಡು ವರ್ಷಗಳ ಹಿಂದೆ ಹೃದಯದ ಕವಾಟವೊಂದನ್ನು ಬದಲಿಸಲಾಗಿತ್ತು. ಆರೋಗ್ಯ ಚೆನ್ನಾಗಿಯೇ ಇತ್ತು. ಮೊಮ್ಮಗಳ ಲಗ್ನದ ಓಡಾಟದಲ್ಲಿ ದವಡೆಯ ಹಲ್ಲೊಂದರ ಬುಡ ಬಾತು ನೋಯುತ್ತಿದ್ದುದನ್ನು ಅವರು ಯಾರಿಗೂ ಹೇಳಲಿಲ್ಲ. "ಲಗ್ನದ ಮನಿಯಾಗ ಹಲ್ಲಿನ ಮಾತು ಯಾಕ ತೆಗೀಬೇಕಂತ ಸುಮ್ಮನಾದೆ" ಎಂದು ಆಮೇಲೆ ನಮ್ಮೆದುರು ನುಡಿದರು. ಲಗ್ನ ಮುಗಿದ ಕೆಲವು ದಿನಗಳಲ್ಲಿ ಸಂಜೆಯ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು, ಊಟ ರುಚಿಸದು. ಓಣಿಯ ಔಷಧದ ಅಂಗಡಿಯಿಂದ ಮೂರು ದಿನದ ಗುಳಿಗೆ ತಂದರು. ಜ್ವರ ಇಳಿಯಿತು, ವಾರದ ಮೇಲೆ ಮರಳಿತು. ಮತ್ತೆ ಅದೇ ಗುಳಿಗೆ. ಎರಡನೆಯ ವಾರ ನಾವೂ ಆ ಮನೆಗೆ ಹೋಗಿದ್ದೆವು. ದಣಿವಿನ ಜ್ವರವಿರಬೇಕು, ಗಂಜಿ ಕುಡಿಸಿ ಮಲಗಿಸಿರೆಂದು ನಾವೂ ಹೇಳಿ ಬಂದೆವು. ಐದನೆಯ ವಾರದ ಒಂದು ಬೆಳಗ್ಗೆ ಅವರ ಎಡಗೈ ಎಡಗಾಲು ಸ್ವಾಧೀನ ತಪ್ಪಿ, ಮಾತು ತೊದಲತೊಡಗಿತು.

ಆಸ್ಪತ್ರೆಯಲ್ಲಿ ಎಕೋ ಪರೀಕ್ಷೆ ಮಾಡಿದಾಗ ಕೃತಕ ಕವಾಟದ ಮೇಲೆ ಸೋಂಕಿನ ಗಡ್ಡೆ ಬೆಳೆದಿರುವುದು ಕಾಣಿಸಿತು. ಅದರ ಚೂರೊಂದು ಕಳಚಿ ರಕ್ತದೊಡನೆ ಸಾಗಿ ಮೆದುಳಿನ ನಾಳವನ್ನು ಮುಚ್ಚಿತ್ತು. ಯಾವ ರೋಗಾಣುವೆಂದು ತಿಳಿಯಲು ಮೂರು ಸಲ ರಕ್ತ ತೆಗೆದು ಕಲ್ಚರ್ ಪರೀಕ್ಷೆಗೆ ಕಳುಹಿದರೂ ಏನೊಂದೂ ಬೆಳೆಯಲಿಲ್ಲ. ತಿಂದ ಗುಳಿಗೆಗಳು ರೋಗವನ್ನು ಕೊಂದಿರಲಿಲ್ಲ, ಅದರ ಗುರುತನ್ನು ಮಾತ್ರ ಅಳಿಸಿದ್ದವು. ಆರು ವಾರಗಳ ಇಂಜೆಕ್ಷನ್, ಎರಡನೆಯ ಶಸ್ತ್ರಕ್ರಿಯೆ, ಮನೆಯವರ ಅಹೋರಾತ್ರಿ ಸೇವೆ ಇವುಗಳಿಂದ ಆ ತಾಯಿ ಬದುಕಿ ಉಳಿದರು.

ನಾವು ವೈದ್ಯರಲ್ಲ. ಆದರೆ ನಾವಾಡಿದ ಆ ಮಾತು ಮನಸ್ಸನ್ನು ಕೊರೆಯುತ್ತಿದ್ದುದರಿಂದ, ವೈದ್ಯ ಮಿತ್ರರನ್ನು ಕೇಳಿ, ಓದಿ ತಿಳಿದುದನ್ನು ಈ ತಿಂಗಳ ಅಂಕಣದಲ್ಲಿ ಓದುಗರ ಮುಂದಿಡುತ್ತಿದ್ದೇವೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ರೂಪಿಸಿದ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದಂದಿನಿಂದ, ಮಧ್ಯಮ ವರ್ಗದ ಮನೆಗಳಿಗೂ ಈ ಚಿಕಿತ್ಸೆ ಎಟುಕುವಂತಾಯಿತು. ಕವಾಟ ಬದಲಿಸಿಕೊಂಡವರು ಇಂದು ನಮ್ಮ ಅನೇಕ ಕುಟುಂಬಗಳಲ್ಲಿದ್ದಾರೆ.

ಹೃದಯದಲ್ಲಿರುವ ನಾಲ್ಕು ಕವಾಟಗಳು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ತೆರೆದು ಮುಚ್ಚುತ್ತವೆ. ಆರೋಗ್ಯವಂತ ಕವಾಟದ ಮೈ ನುಣುಪಾಗಿರುವುದರಿಂದ ರಕ್ತದಲ್ಲಿ ಹಾಯ್ದುಹೋಗುವ ರೋಗಾಣುಗಳಿಗೆ ಅಲ್ಲಿ ಸುಲಭವಾಗಿ ನೆಲೆ ಸಿಗದು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮುದುಡಿದ ಕವಾಟ, ಹುಟ್ಟಿನಿಂದಲೇ ದೋಷವಿರುವ ಕವಾಟ, ಶಸ್ತ್ರಕ್ರಿಯೆಯಿಂದ ಕೂಡಿಸಿದ ಕವಾಟ ಇವುಗಳ ಮಾತು ಬೇರೆ. ಅಲ್ಲಿ ರಕ್ತದ ಸಣ್ಣ ಹೆಪ್ಪು ಕಟ್ಟುತ್ತದೆ, ರೋಗಾಣುಗಳು ಆ ಹೆಪ್ಪಿನೊಳಗೆ ಸೇರಿಕೊಳ್ಳುತ್ತವೆ, ಅವುಗಳ ಮೇಲೆ ಮತ್ತೆ ಹೆಪ್ಪು ಕೂಡುತ್ತದೆ. ಹೀಗೆ ಗೋಡೆ ಕಟ್ಟಿಕೊಂಡ ರೋಗಾಣುಗಳ ಬಳಿಗೆ ರಕ್ತದ ಬಿಳಿಯ ಕಣಗಳು ತಲುಪಲಾರವು. ಔಷಧವೂ ಬಹಳ ದಿನ, ಬಹಳ ಪ್ರಮಾಣದಲ್ಲಿ ಹೋಗಬೇಕಾಗುತ್ತದೆ. ಈ ರೋಗಕ್ಕೆ ವೈದ್ಯರು ಎಂಡೋಕಾರ್ಡೈಟಿಸ್ ಎನ್ನುತ್ತಾರೆ.

ವಿಲಿಯಂ ಆಸ್ಲರ್ ಎಂಬ ವೈದ್ಯ ಮಹನೀಯರು 1885ರಲ್ಲಿ ಲಂಡನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇದರ ಲಕ್ಷಣಗಳನ್ನು ವಿಶದವಾಗಿ ನಿರೂಪಿಸಿದ್ದರು. ಗುರುತಿಸುವುದು ಸಾಧ್ಯವಾದರೂ ಗುಣಪಡಿಸುವುದು ಆಗ ಸಾಧ್ಯವಿರಲಿಲ್ಲ. ಪಾಶ್ಚಾತ್ಯ ಸಂಗೀತದ ಮೇರುಪುರುಷರಲ್ಲೊಬ್ಬರಾದ ಗುಸ್ಟಾವ್ ಮಾಹ್ಲರ್ 1911ರಲ್ಲಿ ನ್ಯೂಯಾರ್ಕಿನಲ್ಲಿ ಜ್ವರದಿಂದ ಮಲಗಿದಾಗ, ವೈದ್ಯರು ಅವರ ರಕ್ತವನ್ನು ತೆಗೆದು ಬೆಳೆಸಿ ನೋಡಿ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವನ್ನು ಕಂಡುಹಿಡಿದರು. ಹೆಸರು ತಿಳಿಯಿತು, ಆದರೆ ಮದ್ದಿರಲಿಲ್ಲ. ಅದೇ ಮೇ ತಿಂಗಳಲ್ಲಿ ತಮ್ಮ ಐವತ್ತನೆಯ ವಯಸ್ಸಿನಲ್ಲಿ ಅವರು ವಿಯೆನ್ನಾದಲ್ಲಿ ತೀರಿಕೊಂಡರು. ಪೆನಿಸಿಲಿನ್ ಬಂದ ಮೇಲೆ, 1944ರಲ್ಲಿ, ಲೋವೆ ಎಂಬ ಅಮೆರಿಕದ ವೈದ್ಯರು ಮತ್ತು ಅವರ ಸಂಗಡಿಗರು ಏಳು ರೋಗಿಗಳು ಚೇತರಿಸಿಕೊಂಡುದನ್ನು ವರದಿ ಮಾಡಿದರು. ಇಷ್ಟೆಲ್ಲ ಔಷಧಗಳಿರುವ ಈ ಕಾಲದಲ್ಲೂ ರೋಗಕ್ಕೀಡಾದ ಐವರಲ್ಲಿ ಸುಮಾರು ಒಬ್ಬರು ಆಸ್ಪತ್ರೆಯಲ್ಲೇ ಅಸುನೀಗುತ್ತಾರೆಂಬುದನ್ನು ಓದಿ ನಾವು ಬೆಚ್ಚಿದೆವು.

ಮಾಹ್ಲರ್ ಅವರಿಗೆ ಮದ್ದಿರಲಿಲ್ಲ, ಹೆಸರಿತ್ತು. ನಮ್ಮ ಆ ತಾಯಿಗೆ ಮದ್ದಿತ್ತು, ಹೆಸರು ಸಿಗಲಿಲ್ಲ. ಹೆಸರು ಸಿಕ್ಕರೆ ಅದಕ್ಕೆ ತಕ್ಕ ಔಷಧವನ್ನು ನೇರವಾಗಿ ಕೊಡಬಹುದು, ಇಲ್ಲವಾದರೆ ವೈದ್ಯರು ಊಹೆಯಿಂದ ಎರಡು ಮೂರು ಔಷಧಗಳನ್ನು ಕೂಡಿಸಿ ಕೊಡಬೇಕಾಗುತ್ತದೆ, ಮೂತ್ರಪಿಂಡಕ್ಕೂ ಕಿವಿಗೂ ಅದರಿಂದ ಬಾಧೆಯಾಗಬಹುದು. ಆದ್ದರಿಂದ ಕವಾಟದ ತೊಂದರೆಯಿರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ, ಆಂಟಿಬಯಾಟಿಕ್ ಗುಳಿಗೆಯನ್ನು ಬಾಯಿಗೆ ಹಾಕುವ ಮುನ್ನ ಬೇರೆ ಬೇರೆ ರಕ್ತನಾಳಗಳಿಂದ ಮೂರು ಸಲ ರಕ್ತ ತೆಗೆದು ಕಲ್ಚರ್ ಮಾಡಿಸಬೇಕು. ರೋಗಿಯ ಸ್ಥಿತಿ ವಿಷಮಿಸಿದ್ದರೆ ವೈದ್ಯರು ಬೇಗನೆ ರಕ್ತ ತೆಗೆದು ಒಡನೆಯೇ ಔಷಧ ಆರಂಭಿಸುತ್ತಾರೆ, ಫಲಿತಾಂಶಕ್ಕಾಗಿ ಕಾಯುವುದಿಲ್ಲ. ಅದು ಅವರ ವಿವೇಚನೆಗೆ ಬಿಟ್ಟದ್ದು. ಅಂಗಡಿಯ ಕಟ್ಟೆಯ ಮೇಲೆ ನಿಂತು ನಾವು ನಿರ್ಣಯಿಸತಕ್ಕದ್ದಲ್ಲ.

ಇನ್ನು ಹಲ್ಲಿನ ವಿಷಯ. ಹಲ್ಲು ಕೀಳಿಸುವ ದಿನವೊಂದೇ ಅಪಾಯದ ದಿನವೆಂದು ಹಿಂದೆ ತಿಳಿದಿದ್ದರು. ಅಮೆರಿಕದಲ್ಲಿ 290 ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ನಮ್ಮ ಕಣ್ಣು ತೆರೆಸಿತು. ಮದ್ದಿಲ್ಲದೆ ಹಲ್ಲು ಕೀಳಿಸಿಕೊಂಡವರಲ್ಲಿ ನೂರಕ್ಕೆ 60 ಮಂದಿಯ ರಕ್ತದಲ್ಲಿ ರೋಗಾಣುಗಳು ಕಂಡುಬಂದವು; ಮುಂಚಿತವಾಗಿ ಅಮಾಕ್ಸಿಸಿಲಿನ್ ಪಡೆದವರಲ್ಲಿ ಅದು 33ಕ್ಕೆ ಇಳಿಯಿತು. ಆದರೆ ಬರಿಯ ಹಲ್ಲುಜ್ಜಿದವರಲ್ಲೂ ನೂರಕ್ಕೆ 23 ಮಂದಿಯ ರಕ್ತದಲ್ಲಿ ಅವು ಕಂಡವು! ಹಲ್ಲು ಕೀಳಿಸುವುದು ಆಯುಷ್ಯದಲ್ಲಿ ಒಂದೆರಡು ಸಲ, ಉಜ್ಜುವುದು ನಿತ್ಯ. ಹಾಗಾದರೆ ಉಜ್ಜುವುದನ್ನೇ ಬಿಡೋಣವೆಂದು ಯಾರಾದರೂ ತೀರ್ಮಾನಿಸಿಬಿಟ್ಟಾರು ಎಂದು ಇನ್ನೊಂದು ಮಾತನ್ನು ಕೂಡಲೇ ಹೇಳುತ್ತೇವೆ: ಅದೇ ಜನರ ವಿವರಗಳನ್ನು ಪರಿಶೀಲಿಸಿದಾಗ, ಹಲ್ಲಿಗೆ ಪಾಚಿಯೂ ಗಾರೆಯೂ ಹೆಚ್ಚು ಕಟ್ಟಿಕೊಂಡವರಲ್ಲಿ ಉಜ್ಜಿದ ಮೇಲೆ ರಕ್ತಕ್ಕೆ ರೋಗಾಣು ಸೇರುವ ಸಂಭವ ಸುಮಾರು ನಾಲ್ಕು ಪಟ್ಟು ಇತ್ತು. ಕೊಳೆತ ಒಸಡಿನಿಂದಲೇ ದಾರಿ. ಎಲೆ ಅಡಿಕೆ ತಂಬಾಕಿನ ಬಾಯಿಗಳನ್ನು ನೆನೆದರೆ ನಮಗೆ ಭಯವಾಗುತ್ತದೆ. ದಾಸೋಹದ ಪಂಕ್ತಿ ಏಳುವ ಮುನ್ನವೇ ಚೀಲ ಬಿಚ್ಚುವ ಹಿರಿಯರು ಮನ್ನಿಸಬೇಕು.

ಹಲ್ಲಿನ ಚಿಕಿತ್ಸೆಗೆ ಮುನ್ನ ಒಂದು ಸಲದ ಆಂಟಿಬಯಾಟಿಕ್ ಕೊಡುವ ಪದ್ಧತಿಯನ್ನು ಅಮೆರಿಕದ ಹೃದ್ರೋಗ ಸಂಘದವರು 2007ರಲ್ಲಿ ಬಹಳ ಕಿರಿದುಗೊಳಿಸಿದರು. ಕೃತಕ ಕವಾಟವುಳ್ಳವರು, ಹಿಂದೊಮ್ಮೆ ಈ ಸೋಂಕಾಗಿದ್ದವರು, ಜನ್ಮತಃ ಬಂದ ಕೆಲವು ತೀವ್ರ ಹೃದಯದೋಷಗಳುಳ್ಳವರು ಇಂಥವರಿಗೆ ಮಾತ್ರ ಅದು ಮುಖ್ಯವಾಗಿ ಬೇಕು. ಹಾಗಾಗಿ ದಂತವೈದ್ಯರ ಕುರ್ಚಿಯಲ್ಲಿ ಕೂರುವ ಮೊದಲೇ "ನನಗೆ ಕವಾಟ ಹಾಕಿದ್ದಾರೆ" ಎಂದು ಹೇಳತಕ್ಕದ್ದು. ಲಜ್ಜೆಯ ಮಾತೇನೂ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆಯನ್ನು ಹಲ್ಲು ಕೀಳಿಸುವ ನೆಪದಲ್ಲಿ ತಾವಾಗಿ ನಿಲ್ಲಿಸಲೂ ಕೂಡದು.

ಸೋಂಕು ತಗುಲಿದ ಮೇಲಿನ ಚಿಕಿತ್ಸೆಯಲ್ಲೂ ಸಂಶೋಧನೆ ನಿಂತಿಲ್ಲ. ಗಡ್ಡೆ ದೊಡ್ಡದಾಗಿದ್ದ 76 ರೋಗಿಗಳನ್ನು ಕೊರಿಯಾದ ವೈದ್ಯರು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ 48 ಗಂಟೆಗಳೊಳಗೆ ಶಸ್ತ್ರಕ್ರಿಯೆ ನಡೆಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಸ್ಪತ್ರೆಯಲ್ಲಿ ಮರಣ ಅಥವಾ ಆರು ವಾರದೊಳಗೆ ಚೂರು ಕಳಚಿ ನಾಳ ಮುಚ್ಚುವುದು ಆ ಪಂಗಡದಲ್ಲಿ ನೂರಕ್ಕೆ 3, ಕಾದು ನೋಡಿದವರಲ್ಲಿ 23. ಚೂರು ಕಳಚುವ ಭಯ ಮೊದಲ ದಿನಗಳಲ್ಲೇ ಅಧಿಕ, ಸರಿಯಾದ ಔಷಧ ಆರಂಭವಾದ ಮೇಲೆ ಅದು ಬೇಗ ಇಳಿಯುತ್ತದೆ. ನಮ್ಮ ತಾಯಿಯ ಐದು ವಾರಗಳನ್ನು ಇಲ್ಲಿ ಮತ್ತೆ ನೆನೆಯದಿರಲಾರೆವು.

ಡೆನ್ಮಾರ್ಕಿನ ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದರು. ಆರು ವಾರವೂ ಸೂಜಿಯೇ ಬೇಕೆ? 400 ರೋಗಿಗಳಿಗೆ ಕನಿಷ್ಠ 10 ದಿನ ಇಂಜೆಕ್ಷನ್ ಕೊಟ್ಟು, ಸ್ಥಿತಿ ಸುಧಾರಿಸಿದುದನ್ನು ಖಚಿತಪಡಿಸಿಕೊಂಡ ಮೇಲೆ ಅರ್ಧದಷ್ಟು ಮಂದಿಯನ್ನು ಗುಳಿಗೆಗಳಿಗೆ ಬದಲಿಸಿದರು. ಮರಣ, ಅನಿರೀಕ್ಷಿತ ಶಸ್ತ್ರಕ್ರಿಯೆ, ನಾಳ ಮುಚ್ಚುವುದು, ಸೋಂಕು ಮರುಕಳಿಸುವುದು ಇವೆಲ್ಲ ಕೂಡಿ ಇಂಜೆಕ್ಷನ್ ಮುಂದುವರಿಸಿದವರಲ್ಲಿ ನೂರಕ್ಕೆ 12, ಗುಳಿಗೆಯವರಲ್ಲಿ 9 ಎಂದು 2018ರಲ್ಲಿ ವರದಿಯಾಯಿತು. ಸಂತೋಷದ ಸಂಗತಿಯೇ ಸರಿ. ಆದರೆ ಆ ರೋಗಿಗಳ ರೋಗಾಣುವಿನ ಹೆಸರು ವೈದ್ಯರಿಗೆ ತಿಳಿದಿತ್ತು, ಗುಳಿಗೆಗಳನ್ನು ಎರಡೆರಡು ಬಗೆಯಂತೆ ಆರಿಸಿ ಕೊಟ್ಟಿದ್ದರು. ಇದನ್ನು ಓದಿ, ಗುಳಿಗೆ ಸಾಕಂತೆ ಎಂದು ಯಾರೂ ಆಸ್ಪತ್ರೆಯಿಂದ ಎದ್ದು ಬರಬಾರದು.

ರೋಗಾಣುಗಳು ಬಾಯಿಯಿಂದಲೇ ಬರಬೇಕೆಂದೇನೂ ಇಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ನಳಿಕೆ, ಬಹುದಿನ ಉಳಿದ ಸಲೈನ್ ಸೂಜಿ, ಮಧುಮೇಹಿಗಳ ಕಾಲಿನ ಹುಣ್ಣು ಇವುಗಳಿಂದ ಸ್ಟಫೈಲೊಕಾಕಸ್ ರಕ್ತ ಸೇರಿದರೆ ಒಳ್ಳೆಯ ಕವಾಟವನ್ನೂ ಕೆಲವೇ ದಿನಗಳಲ್ಲಿ ಕೆಡಿಸಬಲ್ಲದು. ರಕ್ತದಲ್ಲಿ ಅದು ಕಂಡಾಗ ವೈದ್ಯರು ಎಕೋ ಬರೆದುಕೊಟ್ಟರೆ, ವೃಥಾ ಖರ್ಚೆಂದು ಮನೆಯವರು ಗೊಣಗುವುದುಂಟು. ಗೊಣಗದೆ ಮಾಡಿಸಿರಿ.

ಆ ಮನೆಯಲ್ಲೀಗ ಔಷಧದ ಕಪಾಟಿನ ಒಳಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾರೆ. ಅಮ್ಮನಿಗೆ ಯಾವ ಕವಾಟ, ಯಾವ ವರ್ಷ, ಯಾವ ಗುಳಿಗೆಗಳು, ಜ್ವರ ಬಂದರೆ ಯಾರಿಗೆ ಫೋನು ಮಾಡಬೇಕು ಎಲ್ಲವೂ ಅದರಲ್ಲಿದೆ. ಮೊಮ್ಮಗಳು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದಾಳೆ. ಅಂಥದೊಂದು ಪ್ರತಿಯನ್ನು ಗಂಡನ ಮನೆಗೂ ಒಯ್ದಿದ್ದಾಳಂತೆ, ಅಜ್ಜಿ ಅಲ್ಲಿಗೆ ಹೋದಾಗ ಬೇಕಾದೀತೆಂದು.

ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಕೊಡಿಸುವ ಪೆನಿಸಿಲಿನ್ ಇಂಜೆಕ್ಷನ್ನಿನ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.